ಹಸುಗೂಸಿನ ಮುರಿದ ಎಲುಬು: ಆಕಸ್ಮಿಕವೋ, ಅಪರಾಧವೋ?

ಮಾತು ಬಾರದ ಹಸುಗೂಸಿನ ಎಲುಬು ಮುರಿದರೆ, ಅದು ಹೇಗೆ ಮುರಿಯಿತೆಂದು ಹೇಳತಕ್ಕವರು ಅದನ್ನು ಎತ್ತಿ ಆಡಿಸುವವರೇ ಹೊರತು ಬೇರೆ ಯಾರೂ ಇಲ್ಲ. ಅವರ ಮಾತು ನಿಜವಿರಬಹುದು, ಮುಚ್ಚುಮರೆಯೂ ಇರಬಹುದು. ನಿಜವನ್ನು ಸುಳ್ಳೆಂದು ಬಗೆದರೆ ನಿರಪರಾಧಿಯಾದ ತಾಯಿಯ ಮಡಿಲಿನಿಂದ ಮಗುವನ್ನು ಕಸಿದಂತಾಗುತ್ತದೆ. ಸುಳ್ಳನ್ನು ನಿಜವೆಂದು ನಂಬಿದರೆ ಮಗುವನ್ನು ಹೊಡೆದ ಕೈಗೇ ಮತ್ತೆ ಒಪ್ಪಿಸಿದಂತಾಗುತ್ತದೆ. ಈ ಎರಡು ಅನ್ಯಾಯಗಳನ್ನೂ ತಪ್ಪಿಸುವ ಏರ್ಪಾಡು ನಮ್ಮ ದೇಶದಲ್ಲಿ ಇನ್ನೂ ಸಾಲದೆಂಬುದು ನಮ್ಮ ಅಭಿಪ್ರಾಯ.

ವೈದ್ಯಲೋಕವೇ ಈ ವಿಷಯದಲ್ಲಿ ತಡವಾಗಿ ಕಣ್ಣು ತೆರೆಯಿತು. ಅಮೆರಿಕೆಯ ಜಾನ್ ಕಾಫಿ ಎಂಬ ಕ್ಷ-ಕಿರಣ ತಜ್ಞರು ೧೯೪೬ರಲ್ಲಿ ಆರು ಶಿಶುಗಳ ವೃತ್ತಾಂತವನ್ನು ಪ್ರಕಟಿಸಿದರು. ಆ ಶಿಶುಗಳ ತಲೆಯೊಳಗೆ ರಕ್ತ ಕಟ್ಟಿತ್ತು. ಕೈಕಾಲುಗಳ ಎಲುಬುಗಳು ಹಲವೆಡೆ ಮುರಿದಿದ್ದುವು. ಇವಕ್ಕೆ ತಕ್ಕ ಪೆಟ್ಟಿನ ಸಮಾಚಾರ ಮಾತ್ರ ಯಾರಿಂದಲೂ ಹೊರಡಲಿಲ್ಲ. ಅಲ್ಲಿಂದ ಹದಿನಾರು ವರ್ಷಗಳು ಕಳೆದ ಮೇಲೆ, ೧೯೬೨ರಲ್ಲಿ, ಹೆನ್ರಿ ಕೆಂಪ್ ಮತ್ತು ಅವರ ಸಹೋದ್ಯೋಗಿಗಳು ಇದು ಮಕ್ಕಳನ್ನು ಬಡಿದುದರ ಫಲವೆಂದು ಸಾರಿ ಹೇಳಿದರು. ಐದಾರು ವರ್ಷಗಳೊಳಗೆ ಆ ದೇಶದ ಸಂಸ್ಥಾನಗಳೆಲ್ಲವೂ ಇಂಥ ಸಂದೇಹವನ್ನು ವರದಿಮಾಡಬೇಕೆಂಬ ಶಾಸನವನ್ನು ಮಾಡಿಕೊಂಡುವು.

ಈಗ ವೈದ್ಯರಿಗೆ ತಿಳಿದಿರುವುದೇನು? ಶಿಶುವಿನ ಪಕ್ಕೆಲುಬು ಬಾಗುವಂಥದು, ಸುಲಭವಾಗಿ ಮುರಿಯತಕ್ಕದ್ದಲ್ಲ. ಅದು ಬೆನ್ನುಹುರಿಯ ಬಳಿ ಮುರಿದಿದ್ದರೆ, ಎದೆಯನ್ನು ಎರಡು ಕೈಗಳಿಂದ ಹಿಡಿದು ಬಲವಾಗಿ ಅಮುಕಿದ್ದರೆಂಬ ಸಂದೇಹ ಹುಟ್ಟುತ್ತದೆ. ಉದ್ದ ಎಲುಬಿನ ತುದಿಯ ಅಂಚು ಚಕ್ಕೆಯಂತೆ ಕಿತ್ತಿದ್ದರೆ, ಕೈಕಾಲನ್ನು ಜಗ್ಗಿದುದೋ ತಿರುಚಿದುದೋ ಕಾರಣವಾಗಿರಬಹುದು. ಇನ್ನೂ ನಡೆಯದ ಕೂಸಿನ ತೊಡೆಯೆಲುಬು ಮುರಿದಿರುವುದು, ಕೆಲವು ಮುರಿತಗಳು ಹಳೆಯವಾಗಿ ಕೆಲವು ಹೊಸವಾಗಿರುವುದು, ಕೇಳಿದಾಗಲೆಲ್ಲ ಕಥೆ ಬದಲಾಗುವುದು, ಆಸ್ಪತ್ರೆಗೆ ಕಾರಣವಿಲ್ಲದೆ ತಡವಾಗಿ ತರುವುದು, ಇವೂ ವಿಚಾರಕ್ಕೆ ಅರ್ಹವಾದ ಕುರುಹುಗಳೇ.

ಆದರೆ ಕುರುಹು ಬೇರೆ, ತೀರ್ಪು ಬೇರೆ. ತೋಳಿನಿಂದ ಜಾರಿ ಬಿದ್ದ ಕೂಸಿನ ತಲೆಬುರುಡೆಯಲ್ಲಿ ಗೆರೆಯಂಥ ಬಿರುಕು ಕಾಣಿಸಿಕೊಳ್ಳಬಹುದು. ಹೆರಿಗೆಯಲ್ಲಿಯೇ ಕೊರಳೆಲುಬು ಮುರಿಯುವುದುಂಟು. ಹೊಸದಾಗಿ ನಡೆಯಕಲಿತ ಮಗು ಮುಗ್ಗರಿಸಿದರೆ ಮೊಣಕಾಲ ಕೆಳಗಿನ ಎಲುಬು ತಿರುಚಿ ಸೀಳಬಹುದು. ಹಾಗೆ ಸೀಳಿದ ಮಾತ್ರಕ್ಕೆ ಯಾರೋ ಕಾಲನ್ನು ತಿರುಚಿದರೆನ್ನಲಾಗದು. ಹುಟ್ಟಿನಿಂದಲೇ ಎಲುಬು ಗಾಜಿನಂತೆ ಒಡೆಯುವ ರೋಗವೊಂದುಂಟು. ದಿನ ತುಂಬದೆ ಹುಟ್ಟಿದ ಕೂಸಿನ ಎಲುಬು ದುರ್ಬಲವಾಗಿರಬಹುದು. ನಮ್ಮ ದೇಶದಲ್ಲಿ ಬಿಸಿಲಿಗೆ ಕೊರತೆಯಿಲ್ಲದಿದ್ದರೂ ತಾಯಂದಿರಲ್ಲಿಯೂ ಶಿಶುಗಳಲ್ಲಿಯೂ 'ಡಿ' ಜೀವಸತ್ತ್ವದ ಕೊರತೆ ಹೇರಳವಾಗಿದೆ. ಅದು ಮಿತಿಮೀರಿದರೆ ರಿಕೆಟ್ಸ್ ರೋಗವುಂಟಾಗಿ ಎಲುಬು ಮೆತುವಾಗುತ್ತದೆ. ಆದ್ದರಿಂದ ಬಡವರ ಮನೆಯ ಮಗುವೆಂದು ಬೇಗನೆ ಸಂದೇಹಪಡುವುದೂ, ಸಿರಿವಂತರ ಮನೆಯ ಮಗುವೆಂದು ಸಂದೇಹಪಡದೆ ಬಿಡುವುದೂ ಸಮಾನವಾಗಿ ಖಂಡನೀಯ.

ಸಂದೇಹವನ್ನು ಬಗೆಹರಿಸುವ ಮಾರ್ಗ ಇಲ್ಲದೆ ಇಲ್ಲ. ಎರಡು ವರ್ಷದೊಳಗಿನ ಮಗುವಾದರೆ ಒಂದು ಎಲುಬಿನದಷ್ಟೇ ಅಲ್ಲದೆ ಇಡೀ ಮೈಯ ಎಲುಬುಗಳ ಕ್ಷ-ಕಿರಣ ಚಿತ್ರಗಳನ್ನು ತೆಗೆಯಬೇಕು. ಸುಮಾರು ಎರಡು ವಾರಗಳ ತರುವಾಯ ಮತ್ತೊಮ್ಮೆ ತೆಗೆಯಬೇಕು. ಮೊದಲು ಕಾಣದಿದ್ದ ಬಿರುಕು, ಎಲುಬು ಕೂಡಿಕೊಳ್ಳುವಾಗ ಹುಟ್ಟುವ ಹೊಸ ಪದರದಿಂದ ಬಯಲಾಗುತ್ತದೆ. ತಿಂಗಳು ತುಂಬಿದ ಕೂಸಿನ ಮುರಿತದಲ್ಲಿ ಈ ಪದರವೇ ಇಲ್ಲದಿದ್ದರೆ ಅದು ಹೆರಿಗೆಯಲ್ಲಿ ಆದುದಲ್ಲವೆಂದು ತಿಳಿಯಬಹುದು. ರಕ್ತದಲ್ಲಿ ಸುಣ್ಣ, ರಂಜಕ, 'ಡಿ' ಜೀವಸತ್ತ್ವಗಳ ಪರೀಕ್ಷೆಯೂ ಆಗತಕ್ಕದ್ದು. ಇವೆಲ್ಲವನ್ನೂ ಮಾಡಿದ ಮೇಲೆ ಮಾತ್ರ ಅಭಿಪ್ರಾಯ ಕೊಡುವುದು ನ್ಯಾಯ.

ನಮ್ಮ ಸಂಸ್ಕೃತಿಯಲ್ಲಿ ಶಿಶು ದೇವರ ಸಮಾನವಾದುದರಿಂದ ಇಂಥ ಕ್ರೌರ್ಯ ಇಲ್ಲಿಲ್ಲವೆಂದು ಹೇಳುವವರುಂಟು. ಭಾರತ ಸರ್ಕಾರದವರೇ ೨೦೦೭ರಲ್ಲಿ ಪ್ರಕಟಿಸಿದ ವರದಿ ಈ ಸಮಾಧಾನವನ್ನು ಉಳಿಸಲಿಲ್ಲ. ೧೩ ರಾಜ್ಯಗಳಲ್ಲಿ ವಿಚಾರಿಸಲಾದ ೧೨,೪೪೭ ಮಕ್ಕಳಲ್ಲಿ ಮೂವರಿಗೆ ಇಬ್ಬರಂತೆ ದೈಹಿಕ ಹಿಂಸೆಗೆ ಗುರಿಯಾಗಿದ್ದರು. ಇವರೆಲ್ಲರೂ ಐದು ವರ್ಷ ದಾಟಿ, ಕೇಳಿದರೆ ಉತ್ತರ ಹೇಳಬಲ್ಲ ಮಕ್ಕಳು. ಹೇಳಲಾರದ ಕೂಸುಗಳನ್ನು ಆ ವಿಚಾರಣೆ ಎಣಿಸಲಿಲ್ಲ.

ನಮ್ಮ ಶಾಸನದಲ್ಲಿಯೂ ಒಂದು ಬಿರುಕಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಕಾಯಿದೆಯ ೧೯ನೆಯ ಕಲಮು ಅಪರಾಧವನ್ನು ತಿಳಿದವನು ವರದಿಮಾಡಲೇಬೇಕೆನ್ನುತ್ತದೆ. ತಪ್ಪಿದವನಿಗೆ ಶಿಕ್ಷೆಯೂ ಉಂಟು. ೨೦೧೫ರ ಬಾಲನ್ಯಾಯ ಕಾಯಿದೆ ೭೫ನೆಯ ಕಲಮಿನಲ್ಲಿ ಮಗುವಿನ ಮೇಲಣ ಕ್ರೌರ್ಯಕ್ಕೆ ಶಿಕ್ಷೆಯನ್ನು ವಿಧಿಸಿದೆ. ವೈದ್ಯನು ರಕ್ಷಣೆ ಬೇಕಾದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬಹುದೆಂದೂ ಹೇಳಿದೆ. ಆದರೆ ಅದು 'ತರಬಹುದು' ಎಂಬ ಮಾತು, 'ತರತಕ್ಕದ್ದು' ಎಂಬುದಲ್ಲ. ಮನೆಯವರ ಕೋಪಕ್ಕೂ ನ್ಯಾಯಸ್ಥಾನದ ಅಲೆದಾಟಕ್ಕೂ ಅಂಜುವ ವೈದ್ಯನು ಈ ಎರಡರ ನಡುವಣ ಸಂದಿನಲ್ಲಿ ಸುಮ್ಮನಾದರೆ ಆಶ್ಚರ್ಯವೇನು?

ಪರದೇಶದ ಶಾಸನವನ್ನು ಅಕ್ಷರಶಃ ಎರವಲು ತರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಶಿಶುವೈದ್ಯ, ಎಲುಬಿನ ವೈದ್ಯ, ಕ್ಷ-ಕಿರಣ ತಜ್ಞ, ಈ ಮೂವರು ಕೂಡಿ ಬರಹದಲ್ಲಿ ಅಭಿಪ್ರಾಯ ಕೊಡುವ ಪದ್ಧತಿ ಏರ್ಪಡಲಿ. ಸದ್ಭಾವದಿಂದ ವರದಿಮಾಡಿದ ವೈದ್ಯನಿಗೆ ಶಾಸನದ ರಕ್ಷಣೆ ದೊರೆಯಲಿ. ಈ ಅಭಿಪ್ರಾಯ ಬರುವವರೆಗೆ ಮಗು ಆಸ್ಪತ್ರೆಯಲ್ಲಿ ಕ್ಷೇಮವಾಗಿರಲಿ. ತಾಯಿತಂದೆಗಳನ್ನು ಪೋಲೀಸಿನವರು ಅಪರಾಧಿಗಳಂತೆ ಕಾಣದಿರಲಿ. ಇದಕ್ಕೆ ಬೇಕಾದುದು ಬೊಕ್ಕಸದ ಹೊರೆಯಲ್ಲ, ಅಧಿಕಾರಿಗಳ ಮನಸ್ಸು. ಕೂಸು ಸಾಕ್ಷಿ ಹೇಳಲಾರದು. ಅದರ ಎಲುಬು ಹೇಳುತ್ತದೆ. ಆ ಸಾಕ್ಷ್ಯವನ್ನು ಆತುರಪಡದೆಯೂ ಅಲಕ್ಷಿಸದೆಯೂ ಓದಬಲ್ಲವರನ್ನು ಒದಗಿಸುವುದು ಸರ್ಕಾರದ ಹೊಣೆಯೆಂದು ನಾವು ಒತ್ತಿ ಹೇಳುತ್ತೇವೆ.