ರಸ್ತೆ ಅಗಲ ಮಾಡಿದ್ದು ಸಾಕು, ಇನ್ನು ಕಿರಿದು ಮಾಡಿ!



"ಅವಸರವೇ ಅಪಘಾತಕ್ಕೆ ಕಾರಣ" ಎಂದು ನಾವು ಶಾಲೆಯ ಗೋಡೆಗಳ ಮೇಲೆ ಬರೆಸುತ್ತೇವೆ. ಅದನ್ನು ಓದುವವರು ನಡೆದು ಬರುವ ಮಕ್ಕಳು. ಅವಸರ ಇರುವುದು ಮಾತ್ರ ಕಾರಿನವರಿಗೆ!

ಕೊರ್ಲಿಮ್ ಇರುವುದು ಪಣಜಿ–ಫೋಂಡಾ ಹೆದ್ದಾರಿಯಲ್ಲಿ. ಕೈಗಾರಿಕಾ ವಸಾಹತಿನ ಲಾರಿಗಳು, ಓಲ್ಡ್ ಗೋವಾ ನೋಡಲು ಬರುವ ಪ್ರವಾಸಿಗರು, ಕದಂಬ ಬಸ್ಸುಗಳು, ಎಲ್ಲಕ್ಕೂ ಇದೇ ದಾರಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮ ಜನ ದಾಟಬೇಕಾದದ್ದೂ ಇದನ್ನೇ. ಆದ್ದರಿಂದ ನಾವು ಹೇಳುವುದಿಷ್ಟು: ಮನೆ, ಶಾಲೆ, ಬಸ್‌ಸ್ಟಾಪ್ ಇರುವ ಕಡೆ ರಸ್ತೆಗೆ ಎರಡಕ್ಕಿಂತ ಹೆಚ್ಚು ಪಥ ಬೇಡ. ಹೆಚ್ಚಿದ್ದರೆ ಕಡಿಮೆ ಮಾಡಿ, ಉಳಿದ ಜಾಗವನ್ನು ಫುಟ್‌ಪಾತಿಗೆ ಕೊಡಿ.

ಕರಿಹಲಗೆಯ ಲೆಕ್ಕ ನೋಡಿ. ಒಂದು ಪಥ 3.5 ಮೀಟರ್, ನಾಲ್ಕು ಪಥ 14 ಮೀಟರ್. ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವ ಮಗುವಿಗೆ ದಾಟಲು 14 ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 233 ಮೀಟರ್ ಬಂದಿರುತ್ತದೆ. ಅಷ್ಟು ದೂರದ ಕಾರಿನ ವೇಗವನ್ನು ಎರಡನೇ ತರಗತಿಯ ಮಗು ಅಳೆಯಬೇಕೇ? ರಸ್ತೆ ಎರಡೇ ಪಥದ್ದಾಗಿ ವೇಗ 30ಕ್ಕೆ ಇಳಿದರೆ, 7 ಸೆಕೆಂಡಿನಲ್ಲಿ ಕಾರು ಬರುವುದು 58 ಮೀಟರ್ ಮಾತ್ರ. ಅದು ಮಗುವಿನ ಕಣ್ಣಳತೆಯ ದೂರ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಪಾದಚಾರಿಗಳು. ಅಂದರೆ ಐವರಲ್ಲಿ ಹತ್ತಿರ ಹತ್ತಿರ ಒಬ್ಬರು, ಗಾಡಿಯನ್ನೇ ಹತ್ತದವರು!

"ಟ್ರಾಫಿಕ್ ಜಾಮ್ ಆಗುತ್ತದೆ" ಎನ್ನುತ್ತಾರೆ. ಹೀಗೆನ್ನುವವರಲ್ಲಿ ಹೊಸದಾಗಿ ಬೈಕು, ಕಾರು ಕೊಂಡ ನಮ್ಮವರೂ ಇದ್ದಾರೆ. ಅರ್ಧ ಕಿಲೋಮೀಟರ್ ದಾರಿಯನ್ನು 60ರ ಬದಲು 30ರಲ್ಲಿ ಹೋದರೆ ಆಗುವ ನಷ್ಟ 30 ಸೆಕೆಂಡು. ಬೆಳಿಗ್ಗೆ, ಸಂಜೆ ವಾಹನ ಹೆಚ್ಚಿದ್ದಾಗ ಇನ್ನಷ್ಟು ತಡವಾದೀತು, ಒಪ್ಪುತ್ತೇವೆ. ಆದರೆ ತಡವಾಗಿ ಮುಟ್ಟುವುದೂ ಮನೆ ಮುಟ್ಟದೇ ಇರುವುದೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತೇ?

"ಹಂಪ್ ಹಾಕಿದರೆ ಸಾಕಲ್ಲ?" ಹಂಪಿನ ಮುಂದೆ ಬ್ರೇಕ್ ಒತ್ತಿ, ದಾಟಿದ ಕೂಡಲೇ ಆಕ್ಸಿಲರೇಟರ್ ತುಳಿಯುವುದನ್ನು ದಿನವೂ ನೋಡುತ್ತೇವೆ. ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೂ ಅದು ಪೆಟ್ಟು. ಅಗಲ ರಸ್ತೆ ಕಂಡರೆ ಕಾಲು ತಾನಾಗಿಯೇ ಒತ್ತುತ್ತದೆ, ಕಿರಿದಾದರೆ ಪೊಲೀಸ್ ಇಲ್ಲದಿದ್ದರೂ ತಗ್ಗುತ್ತದೆ.

"ಇದೆಲ್ಲ ಫಾರಿನ್ನಿನ ಮಾತು" ಎನ್ನುವವರು ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಚರ್ಚ್ ಸ್ಟ್ರೀಟ್ ನೋಡಿ ಬರಲಿ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಗಾಡಿ ಓಡುವ ಜಾಗವನ್ನು ಹದಕ್ಕೆ ತಂದು ಫುಟ್‌ಪಾತ್ ಅಗಲ ಮಾಡಿದಾಗ ಅಲ್ಲಿಯೂ ಕೂಗಾಟ ಎದ್ದಿತ್ತು. ಇವತ್ತು ಆ ಫುಟ್‌ಪಾತುಗಳ ಮೇಲೆ ಜನ ನಡೆಯುತ್ತಿದ್ದಾರೆ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಇರಬೇಕೆಂದು ಹೇಳುವುದೂ ಫಾರಿನ್ನಿನವರಲ್ಲ, ನಮ್ಮದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್.

ಹೆದ್ದಾರಿ ಪಂಚಾಯತಿಯ ಕೈಯಲ್ಲಿಲ್ಲ, ನಿಜ. ಆದರೆ ಕೇಳಲು ಬಾಯಿ ಇದೆ, ಕಾನೂನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ 198ಎ ಕಲಂ, ರಸ್ತೆ ವಿನ್ಯಾಸದಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಮಗು ಸತ್ತ ಮೇಲೆ ಆ ದಂಡ ಕಟ್ಟಿಕೊಂಡು ಏನು ಮಾಡೋಣ? ಮೊದಲೇ ಕೇಳಬೇಕು.

ನಮ್ಮವರ ಕಷ್ಟ ಬೇರೆಯೇ ಇದೆ. "ನಾವು ಹೊರಗಿನವರು, ನಮಗ್ಯಾಕೆ?" ಎಂದು ಗ್ರಾಮಸಭೆಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತೇವೆ. ಓಟು ಇಲ್ಲಿ, ದುಡಿಮೆ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಇನ್ನೆಲ್ಲಿಯ ಹೊರಗಿನವರು? ಕೊಂಕಣಿ ತಾಯಿಯ ಮಗುವೂ ಅದೇ ರಸ್ತೆ ದಾಟುತ್ತದೆ. ಪಾಲಕ–ಶಿಕ್ಷಕ ಸಂಘದಲ್ಲಿ ಠರಾವು ಮಾಡಿ, ಕೊಂಕಣಿಯಲ್ಲಿಯೂ ಬರೆಸಿ, ಅಕ್ಕಪಕ್ಕದವರ ಸಹಿ ಹಾಕಿಸಿ, ಮುಂದಿನ ಗ್ರಾಮಸಭೆಗೆ ಎಲ್ಲರೂ ಕೂಡಿ ಒಯ್ಯೋಣ.

ರಸ್ತೆ ದಾಟುವುದನ್ನು ಮಕ್ಕಳಿಗೆ ಕಲಿಸಿದ್ದೇವೆ. ನಿಧಾನ ಹೋಗುವುದನ್ನು ರಸ್ತೆಯೇ ಕಾರುಗಳಿಗೆ ಕಲಿಸಲಿ. ನೀವೇನಂತೀರಿ?