ನಮ್ಮನೆ ಹಾಲ್‌ನಲ್ಲಿ ಸ್ಟೇಜ್ ಬಾಕ್ಸು

ಮದುವೆಮನೆ ಕೊಪ್ಪರಿಗೇಲಿ ನಾಲ್ಕು ಜನಕ್ಕೆ ಸಾರು ಕಾಯಿಸ್ತೀನಿ ಅಂದ್ರೆ ಯಾರಾದ್ರೂ ನಗ್ತಾರೆ. ನಮ್ಮನೇಲಿ ಹೆಚ್ಚುಕಮ್ಮಿ ಅದೇ ಕೆಲಸ ಮೂರು ವರ್ಷದಿಂದ ನಡೀತಿದೆ. ಸಾರಲ್ಲ, ಹಾಡು. ಬಂದೋರೆಲ್ಲ ಮೊದಲು ಕೇಳೋದು, "ಇದೇನ್ರೀ, ಮನೇಲಿ ಆರ್ಕೆಸ್ಟ್ರಾ ಇಟ್ಟಿದೀರಾ?" ಅಂತ. ಎಲ್ಲರಿಗೂ ಒಂದೊಂದ್ ಸಲ ಉತ್ತರ ಹೇಳಿ ಸಾಕಾಗಿದೆ, ಅದಕ್ಕೆ ಇವತ್ತು ಬರೆದೇ ಬಿಡೋಣ ಅಂತ ಕೂತೆ.

ಹಲಸೂರಲ್ಲಿ ನಮ್ದು ಹಳೇ ಮನೆ. ಪಕ್ಕದ ಮನೆಗೂ ನಮಗೂ ಮಧ್ಯೆ ಒಂದೇ ಗೋಡೆ. ಹಾಲು ಹನ್ನೊಂದಡಿ ಅಗಲ, ಹದಿನಾರಡಿ ಉದ್ದ. ಅದರಲ್ಲಿ ಟಿವಿ ಆ ಕಡೆ ಈ ಕಡೆ ಸೊಂಟದೆತ್ತರದ ಎರಡು ಕಪ್ಪು ಪೆಟ್ಟಿಗೆ. ಒಂದೊಂದರಲ್ಲೂ ಹದಿನೈದಿಂಚಿನ ಸ್ಪೀಕರ್ರು, ಅದರ ಮೇಲೆ ಹಾರ್ನು. ಮುಂದೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಎತ್ಕೊಂಡು ಓಡಾಡೋಕೆ ಹಿಡಿ, ತಳದಲ್ಲಿ ಸ್ಟ್ಯಾಂಡಿಗೆ ಸಿಗಿಸೋ ತೂತು. ಅಂದ ಚೆಂದ ಕೇಳ್ಬೇಡಿ.

ಇವು ನಮ್ ಮೈದುನಂದು. ಇಪ್ಪತ್ತು ವರ್ಷ ಸೌಂಡ್ ಸರ್ವಿಸ್ ಇಟ್ಕೊಂಡಿದ್ದ. ಹಲಸೂರು ಪಲ್ಲಕ್ಕಿ, ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಮೇರಿ ಹಬ್ಬ, ಬೀದಿಬೀದಿ ಗಣೇಶ, ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ, ಎಲ್ಲಾ ಕಡೆ ಅವನ ಬಾಕ್ಸು ಹೋಗ್ತಿತ್ತು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತಲ್ಲ, ಎಲ್ಲಾ ನಿಂತ್ಹೋಯ್ತು. ಟೆಂಪೊ ಮಾರ್ದ, ಮಿಕ್ಸರ್ ಮಾರ್ದ, ವೈರಿನ ಸುರುಳಿಗಳನ್ನೂ ತೂಕಕ್ಕೆ ಹಾಕ್ದ. ನಮ್ಮತ್ರ ಕೈಸಾಲ ಇತ್ತು. ಒಂದಿನ ಆಟೋದಲ್ಲಿ ಈ ಎರಡು ಬಾಕ್ಸು ತಂದು, "ಅತ್ತಿಗೆ, ಇವು ನಿಮ್ಮತ್ರ ಇರ್ಲಿ, ದುಡ್ಡಾದಾಗ ಬಿಡಿಸ್ಕೋತೀನಿ" ಅಂದ. ಬಳೆ ಅಡ ಇಟ್ಟಂಗೆ ಇಟ್ಟು ಹೋದ.

ನನ್ ಮಗ ಅವತ್ತೇ ಹೇಳ್ದ, "ಅಮ್ಮ, ಇವನ್ನ ಎಸ್.ಪಿ. ರೋಡಲ್ಲಿ ಕೊಟ್ಟು ಒಂದು ಸೌಂಡ್‌ಬಾರ್ ತಗೋಳೋಣ" ಅಂತ. ಅಡ ಇಟ್ಟಿದ್ದನ್ನ ಮಾರೋಕಾಗತ್ತಾ? ಬಟ್ಟೆ ಹೊದಿಸಿ ಮೂಲೇಲಿಟ್ಟೆ. ಎರಡು ತಿಂಗಳು ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿದ್ದೆ. ಆಮೇಲೆ ಒಂದು ಭಾನುವಾರ ಯಜಮಾನ್ರೇ ವೈರ್ ಸಿಗಿಸಿದ್ರು. ಕೇಳಿದ ಮೇಲೆ ನನ್ ಮನಸ್ಸು ಬದಲಾಯ್ತು. ನನ್ ಅಭಿಪ್ರಾಯ ಈಗ ಇಷ್ಟು: ಸ್ಟೇಜ್ ಬಾಕ್ಸು ಮನೇಲಿ ಇಟ್ಕೊಳೋದು ತಪ್ಪೂ ಅಲ್ಲ, ಹುಚ್ಚೂ ಅಲ್ಲ. ಆದ್ರೆ ಅದರ ಗುಣ ತಿಳ್ಕೊಂಡು ಇಟ್ಕೋಬೇಕು.

ಎಲ್ಲರೂ ಹೆದರೋದು "ಐನೂರು ವ್ಯಾಟ್" ಅನ್ನೋದಕ್ಕೆ. ಆ ಐನೂರು ಅದು ತಡ್ಕೊಳೋ ಶಕ್ತಿ, ಕೂಗೋ ಶಕ್ತಿ ಅಲ್ಲ. ಕೊಪ್ಪರಿಗೇಲಿ ಇನ್ನೂರು ಜನಕ್ಕೆ ಹಿಡಿಸತ್ತೆ ಅಂದ್ರೆ ಇನ್ನೂರು ಜನಕ್ಕೇ ಮಾಡ್ಬೇಕು ಅಂತೇನಿಲ್ಲ. ನೋಡ್ಬೇಕಾಗಿರೋದು ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೇಳಿಸತ್ತೆ ಅನ್ನೋ ಲೆಕ್ಕ. ಸಾಮಾನ್ಯ ಮನೆ ಸ್ಪೀಕರ್ 86ರಿಂದ 90 ಕೊಡತ್ತೆ, ಇಂಥ ಸ್ಟೇಜ್ ಬಾಕ್ಸು 95ರಿಂದ 100. ಹತ್ತು ಡೆಸಿಬಲ್ ವ್ಯತ್ಯಾಸ ಅಂದ್ರೆ ಹತ್ತುಪಟ್ಟು ವ್ಯಾಟ್. ಅಂದ್ರೆ ಮನೆ ಸ್ಪೀಕರ್ರಿಗೆ ಹತ್ತು ವ್ಯಾಟ್ ಬೇಕಾದ ಜಾಗದಲ್ಲಿ ಇದಕ್ಕೆ ಒಂದೇ ಸಾಕು. ನಾವು ಸಂಜೆ ಹಾಡು ಕೇಳುವಾಗ ಒಂದು ವ್ಯಾಟೂ ಖರ್ಚಾಗಲ್ಲ.

ಇದರಿಂದ ಒಂದು ಲಾಭ ಆಯ್ತು. ಮೈದುನನ ದೊಡ್ಡ ಆಂಪ್ಲಿಫೈಯರ್ರಿಗೆ ಫ್ಯಾನ್ ಇತ್ತು, ರಾತ್ರಿ ಹೊತ್ತು ಮಿಕ್ಸಿ ಓಡಿದಂಗೆ ಗುರ್ ಅನ್ನೋದು. ಅದನ್ನ ಎತ್ತಿಟ್ಟು, ಅಟ್ಟದ ಮೇಲಿದ್ದ ನಮ್ಮ ಹಳೇ ಮೂವತ್ತು ವ್ಯಾಟಿನದಕ್ಕೆ ಕೊಟ್ವಿ. ಬಾಕ್ಸಿನ ಹಿಂದೆ 8 ಓಮ್ ಅಂತಿತ್ತು, ಆಂಪ್ಲಿಫೈಯರ್ ಹಿಂದೇನೂ ಅದೇ. ಇದು ಹೊಂದತ್ತಾ ಅಂತ ನೋಡ್ದೆ ಸಿಗಿಸ್ಬೇಡಿ. ತೊಂದರೆನೂ ಉಂಟು. ಬಾಕ್ಸು ಅಷ್ಟು ಚುರುಕಾಗಿರೋದ್ರಿಂದ ಹಿಂದಿನ ಸಣ್ಣ ಸಿಸ್ ಅನ್ನೋ ಸದ್ದೂ ಕೇಳಿಸತ್ತೆ. ಟಿವಿ ಕೇಬಲ್ ಸಿಗಿಸಿದ್ರೆ ಗುಂಯ್ ಅನ್ನತ್ತೆ. ಒಬ್ಬ ರಿಪೇರಿಯವನು "ಪ್ಲಗ್ಗಿನ ಮೂರನೇ ಕಡ್ಡಿ ಕಟ್ ಮಾಡಿ, ಗುಂಯ್ ಹೋಗತ್ತೆ" ಅಂದ. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ಅದು ಅರ್ತು, ಜೀವ ಉಳಿಸೋ ಕಡ್ಡಿ. ನಾವು ಎಲ್ಲಾ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿ, ಕೇಬಲ್ ದಾರೀಲಿ ಒಂದು ಐಸೋಲೇಟರ್ ಸೇರಿಸಿದ್ವಿ, ಹೋಯ್ತು.

ಕೊಂಬಿನ ಸ್ಪೀಕರು ಮನೆಗಲ್ಲ ಅನ್ನೋರಿಗೂ ಒಂದ್ ಮಾತು. ಅಮೆರಿಕದಲ್ಲಿ ಪಾಲ್ ಕ್ಲಿಪ್ಶ್ ಅನ್ನೋರು 1946ರಲ್ಲೇ ಮನೆ ಮೂಲೇಲಿಡೋಕೆ ಅಂತ್ಲೇ ಕೊಂಬಿನ ಸ್ಪೀಕರ್ ಮಾಡಿದ್ರಂತೆ. ಆಗಿನ ಆಂಪ್ಲಿಫೈಯರ್ರಲ್ಲಿ ವ್ಯಾಟೇ ಕಮ್ಮಿ, ಇದ್ದಷ್ಟರಲ್ಲಿ ಜಾಸ್ತಿ ಸದ್ದು ಬೇಕಿತ್ತು. ಲೈಡೋ, ಪ್ಲಾಜಾದಲ್ಲಿ ಸಿನಿಮಾ ನೋಡಿ ಬೆಳೆದೋರು ನಾವು. ಪರದೆ ಹಿಂದೆ ಇರ್ತಿದ್ದಿದ್ದೂ ಕೊಂಬಿನ ಜಾತಿಯ ಸ್ಪೀಕರುಗಳೇ. ಆಗ ಕಿವಿಗೆ ಹಿತ ಅನಿಸ್ತಿತ್ತಲ್ಲ?

ಇನ್ನು ನಮ್ ತಪ್ಪು ಹೇಳ್ತೀನಿ. ಮೊದಲ ಭಾನುವಾರ ಬಾಕ್ಸುಗಳನ್ನ ಮೂಲೇಲಿ, ನೆಲದ ಮೇಲೇ ಇಟ್ಟು ಹಾಕಿದ್ವಿ. ಅರ್ಧ ಗಂಟೆಗೆ ಪಕ್ಕದ ಮನೆ ಸೊಸೆ ಬಂದ್ಲು. ಜಗಳಕ್ಕೆ ಬಂದಿರ್ಲಿಲ್ಲ, ಅದೇ ಇನ್ನೂ ನಾಚಿಕೆ. "ಅಕ್ಕಾ, ಹಾಡು ನಮಗೆ ಕೇಳಿಸ್ತಿಲ್ಲ. ಆದ್ರೆ ಅತ್ತೆ ಮಂಚ ನಡುಗ್ತಿದೆ ಅಂತಾರೆ" ಅಂದ್ಲು. ಆ ಅಜ್ಜಿಗೆ ಸೊಂಟದ ಆಪರೇಷನ್ ಆಗಿ ಇಪ್ಪತ್ತು ದಿನ ಆಗಿತ್ತು, ಮಲಗಿದ್ದು ಸರೀ ನಮ್ ಗೋಡೆ ಆಚೆ. ಹೆಂಗಸರ ಗಂಟಲು, ಕೊಳಲು, ಇಂಥ ಸದ್ದನ್ನ ಗೋಡೆ ತಡೆಯತ್ತೆ. ದಪ್ಪ ಸದ್ದು ಗೋಡೇನೇ ಅಲ್ಲಾಡಿಸಿಕೊಂಡು ಹೋಗತ್ತೆ. ಮೂಲೇಲಿಟ್ರೆ ಅದು ಇನ್ನೂ ಊದ್ಕೊಳತ್ತೆ. ನಮಗೆ ಹಾಡು, ಅವರಿಗೆ ಬರೀ ದಬ್ ದಬ್.

ಈಗ ಬಾಕ್ಸು ಮೂಲೆ ಬಿಟ್ಟು, ಗೋಡೆಯಿಂದ ಎರಡಡಿ ಮುಂದೆ, ಕೆಳಗೆ ದಪ್ಪ ರಬ್ಬರ್ ಮ್ಯಾಟು. ವಾಲ್ಯೂಮ್ ಗುಂಡಿ ಮೇಲೆ ಕೆಂಪು ನೈಲ್‌ಪಾಲಿಶ್‌ನಲ್ಲಿ ಗುರುತು ಹಾಕಿದೀನಿ. ಆ ಗೆರೆ ಹಾಕುವಾಗ ಪಕ್ಕದ ಮನೇಲೇ ಕೂತಿದ್ದೆ, ಅಜ್ಜಿ ಮಂಚದ ಮೇಲೆ. ಅವರು "ಸಾಕು" ಅಂದ ಜಾಗಕ್ಕೆ ಗೆರೆ. ಕಾನೂನೂ ಇದನ್ನೇ ಹೇಳೋದು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರೋ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದ್ರೆ ಹತ್ತರಿಂದ ಬೆಳಿಗ್ಗೆ ಆರು. ನಮ್ ಸ್ವಂತ ಸೌಂಡ್ ಸಿಸ್ಟಮ್ಮಿನ ಸದ್ದು ನಮ್ ಗಡಿ ಹತ್ರ ಇದಕ್ಕಿಂತ ಐದು ಡೆಸಿಬಲ್ಲಿಗೆ ಮೀರಿ ಹೋಗಬಾರದು. "ನಮ್ಮನೆ, ನಮ್ಮಿಷ್ಟ" ಅನ್ನೋದು ಬಾಗಿಲಿನ ಒಳಗೆ ಮಾತ್ರ. ಬೀದಿ ಮೈಕಿನ ಮೇಲೆ ದೂರು ಹೇಳೋ ನಾವು ಮನೆ ಒಳಗಿನ ಮೈಕನ್ನ ಮರೀಬಾರ್ದು.

ಇದೆಲ್ಲಕ್ಕಿಂತ ನನಗೆ ದೊಡ್ಡ ವಿಷಯ ಬೇರೆ ಇದೆ. ನಮ್ ಯಜಮಾನ್ರು ಮೂವತ್ತೆರಡು ವರ್ಷ ಫ್ಯಾಕ್ಟರಿಲಿ ಮಷೀನ್‌ಗಳ ಮಧ್ಯೆ ನಿಂತೋರು. ಕೆಲವು ವರ್ಷದಿಂದ ಟಿವಿ ಸದ್ದು ಏರ್ತಾನೇ ಇತ್ತು. "ಸದ್ದು ಕೇಳಿಸತ್ತೆ, ಮಾತು ಅರ್ಥ ಆಗಲ್ಲ" ಅನ್ನೋರು. ಸ, ಶ, ತ, ಕ ಇಂಥ ಅಕ್ಷರಗಳಲ್ಲಿರೋ ಸಣ್ಣ ಸದ್ದು ಮೊದಲು ಹೋಗತ್ತಂತೆ. ಈ ಬಾಕ್ಸು ಬಂದ್ಮೇಲೆ ವಾರ್ತೆಯ ಮಾತು ಅವರಿಗೆ ಬಿಡಿಬಿಡಿಯಾಗಿ ಸಿಕ್ತು. ಕೊಂಬು ಮಾತನ್ನ ಕೂತೋರ ಕಡೆಗೇ ಕಳಿಸತ್ತೆ, ಗೋಡೆ ಸೂರಿಗೆ ಬಡಿದು ಕಲಸೋದು ಕಮ್ಮಿ. ನನಗೂ ಖುಷಿಯಾಯ್ತು.

ಆದ್ರೆ ಅದೇ ನೆಪ ಆಯ್ತು. "ಇದಿದೆಯಲ್ಲ, ಕಿವಿ ಮಷೀನ್ ಯಾಕೆ? ನಾನೇನ್ ಕಿವುಡಾ?" ಅಂತ ಶುರು. ಬಾಕ್ಸು ಅವರ ಮುಂದೆ ಮಾತಾಡತ್ತೆ ನಿಜ. ಅಡುಗೆಮನೆಯಿಂದ ನಾನು ಕೂಗಿದ್ದು? ರಸ್ತೇಲಿ ಹಿಂದಿನಿಂದ ಬರೋ ಬೈಕು? ಫೋನಲ್ಲಿ ಮೊಮ್ಮಗಳು ಹೇಳೋ ಕತೆ? ಆರು ತಿಂಗಳು ಹಟ ಮಾಡಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದೆ. ಅಲ್ಲಿಂದ ಬಂದ್ಮೇಲೆ ಮಷೀನ್ ತಂದ್ವಿ. ಸದ್ದು ಜೋರು ಮಾಡಿ ಕಿವಿ ಸರಿಮಾಡೋಕಾಗಲ್ಲ, ಉಳಿದಿದ್ದೂ ಹೋಗತ್ತೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ, 90 ಆದ್ರೆ ಬರೀ 4 ಗಂಟೆ. ಈ ಬಾಕ್ಸಿಗೆ 90 ಅನ್ನೋದು ಆಕಳಿಸಿದಷ್ಟು ಸುಲಭ. ಸಾಮಾನ್ಯ ಸ್ಪೀಕರ್ ಜೋರಾದಾಗ ಕರಕರ ಅಂತ ಎಚ್ಚರಿಸತ್ತೆ. ಇದು ಸ್ವಚ್ಛವಾಗೇ ಕೂಗತ್ತೆ, ಅದಕ್ಕೇ ಜೋರಾಗಿದ್ದೇ ಗೊತ್ತಾಗಲ್ಲ. ಗೆರೆ ಹಾಕಿರೋದು ಅಜ್ಜಿಗೆ ಮಾತ್ರ ಅಲ್ಲ.

ಹೊಸದಾಗಿ ತಗೋಳೋಕೆ ಹೊರಟೋರಿಗೆ ನನ್ ಮಾತು ಇಷ್ಟೇ. ಕೂರೋ ಜಾಗಕ್ಕೂ ಬಾಕ್ಸಿಗೂ ಎಂಟೊಂಬತ್ತಡಿ ಇಲ್ದಿದ್ರೆ ಬೇಡ, ಕೊಂಬಿನ ಸದ್ದು ಬೇರೆ, ಕೆಳಗಿನ ಸದ್ದು ಬೇರೆ ಅಂತ ಒಡೆದು ಕೇಳಿಸತ್ತೆ. ಶಾಲೆ, ದೇವಸ್ಥಾನದ ಗೋಡೆಗೆ ಹೊಡೆದಿರೋ ಉದ್ದುದ್ದ ಕಾಲಂ ಸ್ಪೀಕರ್ ಅಗ್ಗಕ್ಕೆ ಸಿಗತ್ತೆ ಅಂತ ತರ್ಬೇಡಿ. ಅದು ಮಾತಿಗೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರತ್ತೆ, ಮನೆ ಆಂಪ್ಲಿಫೈಯರ್ರಿಗೆ ಹೊಂದಲ್ಲ. ಸಿನಿಮಾದಂಗೆ ನೆಲ ಅದುರಬೇಕು ಅನ್ನೋರಿಗೂ ಇದಲ್ಲ, ತೀರಾ ಆಳದ ಸದ್ದು ಇದರಲ್ಲಿ ಕಮ್ಮಿ. ಮೃದಂಗ, ನಾಗಸ್ವರ, ಹಳೇ ಹಾಡಿಗೆ ಮಾತ್ರ ಎದುರಿಗೆ ಕೂತು ನುಡಿಸಿದಂಗಿರತ್ತೆ. ಗೋಡೆ ಹಂಚ್ಕೊಂಡಿರೋ ಮನೆಯವರು ತರೋಕ್ಮುಂಚೆ ಪಕ್ಕದವರನ್ನ ಒಂದ್ಮಾತು ಕೇಳಿ.

ಮೈದುನ ಈಗ ಕೆ.ಆರ್. ಪುರಂ ಕಡೆ ಆಟೋ ಓಡಿಸ್ತಾನೆ. ಹೋದ ತಿಂಗಳು ಬಾಕಿ ದುಡ್ಡು ಪೂರ್ತಿ ತಂದ್ಕೊಟ್ಟ. ನಾನೇ ಬಟ್ಟೆ ತಗೊಂಡು ಧೂಳು ಒರೆಸ್ತಾ "ತಗೊಂಡ್ಹೋಗ್ತೀಯೇನಪ್ಪಾ?" ಅಂದೆ. ಅವನು ಮಾತಾಡ್ಲಿಲ್ಲ. ಬಗ್ಗಿ ನೋಡಿ, ಎಡಗಡೆ ಬಾಕ್ಸನ್ನ ಸ್ವಲ್ಪ ಒಳಗಡೆ ತಿರುಗಿಸ್ದ, ಅಣ್ಣನ ಕುರ್ಚಿ ಕಡೆಗೆ. "ಇಲ್ಲೇ ಇರ್ಲಿ ಅತ್ತಿಗೆ, ನಮ್ಮನೇಲಿ ಜಾಗ ಎಲ್ಲಿದೆ" ಅಂದ. ನೈಲ್‌ಪಾಲಿಶ್ ಗುರುತು ನೋಡಿ ನಕ್ಕ. ಪ್ರತಿ ಭಾನುವಾರ ಬರ್ತಾನೆ. ಗೆರೆ ದಾಟಿಸಲ್ಲ.