ನೀರನ್ನು ಅಳೆದರಷ್ಟೇ ಸಾಲದು

ಕಳೆದ ಬೇಸಿಗೆಯಲ್ಲಿ ಸಿಂದಗಿ ತಾಲ್ಲೂಕಿನ ಕೆರೆಯೊಂದರ ದಂಡೆಯಲ್ಲಿ ನಿಂತಿದ್ದೆ. ಕಾಲುವೆಯಿಂದ ತುಂಬಿಸಿದ ನೀರಿನ ಮೇಲೆ ದಟ್ಟ ಹಸಿರು ಕೆನೆ ಕಟ್ಟಿತ್ತು. ಮೊದಲೂ ಹೀಗಾಗುತ್ತಿತ್ತೇ ಎಂದು ದನಗಳಿಗೆ ನೀರು ಕುಡಿಸಲು ಬಂದಿದ್ದ ಹಿರಿಯರನ್ನು ಕೇಳಿದೆ. ‘ಯಾರು ಬರದಿಟ್ಟಾರ್ರೀ?’ ಎಂದರು.

ಆ ಪ್ರಶ್ನೆಗೆ ಸಮುದ್ರ ವಿಜ್ಞಾನಿಗಳ ಬಳಿ ಉತ್ತರವಿದೆ. ಅಲಿಸ್ಟರ್ ಹಾರ್ಡಿ ರೂಪಿಸಿದ ಉಪಕರಣವನ್ನು ವ್ಯಾಪಾರಿ ಹಡಗುಗಳ ಹಿಂದೆ ಕಟ್ಟಿ, ರೇಷ್ಮೆ ಜಾಲರಿಯಲ್ಲಿ ಪ್ಲವಕಗಳನ್ನು ಸಂಗ್ರಹಿಸುವ ಕೆಲಸ 1931ರಿಂದ ನಡೆದಿದೆ. ಉತ್ತರ ಅಟ್ಲಾಂಟಿಕ್‌ನ ಕೆಲವು ಪ್ಲವಕಗಳು ನಾಲ್ಕು ದಶಕಗಳಲ್ಲಿ ಸುಮಾರು ಸಾವಿರ ಕಿ.ಮೀ. ಉತ್ತರಕ್ಕೆ ಸರಿದದ್ದು ತಿಳಿದದ್ದು ಈ ದೀರ್ಘ ದಾಖಲೆಯಿಂದಲೇ. ನಮ್ಮ ಕರಾವಳಿಯಲ್ಲಿ 2020ರ ನವೆಂಬರ್‌ನಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಬೆರಗಾದರು. ಅದಕ್ಕೆ ನಾಕ್ಟಿಲ್ಯೂಕ ಎಂಬ ಪ್ಲವಕ ಕಾರಣವಾಗಿತ್ತು. ಅಂಥ ಘಟನೆ ಅಪರೂಪದ್ದೋ, ಹೆಚ್ಚುತ್ತಿರುವುದೋ ಎಂಬುದನ್ನು ಹೇಳಬೇಕಾದರೆ ವರ್ಷಗಟ್ಟಲೆಯ ಲೆಕ್ಕ ಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೂ ಕಡಲಿಗೂ ಏನು ಸಂಬಂಧ? ಡಯಾಟಮ್ ಎಂಬ ಪ್ಲವಕಕ್ಕೆ ಕವಚ ಕಟ್ಟಿಕೊಳ್ಳಲು ಸಿಲಿಕಾ ಬೇಕು. ಅದನ್ನು ನದಿಗಳು ಕಡಲಿಗೆ ಒಯ್ಯುತ್ತವೆ, ಅಣೆಕಟ್ಟುಗಳು ತಡೆಯುತ್ತವೆ. ಡ್ಯಾನ್ಯೂಬ್ ನದಿಗೆ ಅಣೆಕಟ್ಟು ಬಂದ ಬಳಿಕ ಕಪ್ಪು ಸಮುದ್ರದ ಪ್ಲವಕಗಳ ಸ್ವರೂಪವೇ ಬದಲಾದುದನ್ನು ವಿಜ್ಞಾನಿಗಳು 1997ರಲ್ಲಿ ವರದಿ ಮಾಡಿದರು. ನಮ್ಮ ಕೃಷ್ಣೆಯೂ ಆಲಮಟ್ಟಿ, ನಾರಾಯಣಪುರಗಳಲ್ಲಿ ನಿಂತು ಬಂಗಾಳ ಕೊಲ್ಲಿ ಸೇರುತ್ತಾಳೆ.

ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಒಳಹರಿವು, ಹೊರಹರಿವುಗಳ ಅಂಕಿಗಳು ದಿನವೂ ಪತ್ರಿಕೆಯಲ್ಲಿ ಬರುತ್ತವೆ. ನೀರಿನೊಳಗಿನ ಜೀವಿಗಳ ಲೆಕ್ಕ ಮಾತ್ರ ಅವುಗಳ ಪಕ್ಕದಲ್ಲಿ ಕಾಣುವುದಿಲ್ಲ.

ಬರದ ನಾಡಿಗೆ ನೀರು ಬಂದಿರುವಾಗ ಪಾಚಿಯ ಚಿಂತೆಯೇಕೆ ಎನ್ನಬಹುದು. ನೀರು ಹೊಸದಾಗಿ ಬಂದಿದೆ ಎಂಬುದೇ ಚಿಂತೆಗೆ ಕಾರಣ. ನಿಂತ ನೀರು, ಹೊಲದಿಂದ ಹರಿದುಬರುವ ಗೊಬ್ಬರ, ಸುಡುವ ಬಿಸಿಲು ಈ ಮೂರೂ ಕೂಡಿದರೆ ನೀಲಿ-ಹಸಿರು ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದರಲ್ಲಿ ಕೆಲವು ಬಗೆಗಳು ಯಕೃತ್ತಿಗೆ ಹಾನಿ ಮಾಡುವ ಮೈಕ್ರೊಸಿಸ್ಟಿನ್ ವಿಷ ಉಂಟುಮಾಡುತ್ತವೆ. ನೀರು ಕುದಿಸಿದರೂ ಅದು ಹೋಗದು. ಎಲ್ಲ ಪಾಚಿಯೂ ವಿಷವಲ್ಲ. ಯಾವುದು ವಿಷ ಎಂಬುದನ್ನು ಬರಿಗಣ್ಣಿನಿಂದ ಹೇಳಲಾಗದು.

ದೂರು ಬಂದಾಗ ಒಂದು ಬಾಟಲಿ ನೀರು ಪರೀಕ್ಷಿಸಿದರೆ ಆ ದಿನದ ಸ್ಥಿತಿಯಷ್ಟೇ ತಿಳಿಯುತ್ತದೆ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ನೋಡುವುದೇ ನಿಜವಾದ ನಿಗಾ. ಸಣ್ಣ ಬಲೆ, ಸೂಕ್ಷ್ಮದರ್ಶಕ, ತರಬೇತಿ ಪಡೆದ ಕಣ್ಣು ಇದ್ದರೆ ಈ ಕೆಲಸ ಆರಂಭಿಸಬಹುದು. ನಾಲ್ಕೂ ಊರುಗಳ ಪದವಿ ಕಾಲೇಜುಗಳಿಗೆ ಸರ್ಕಾರ ಇದನ್ನು ವಹಿಸಿ, ಫಲಿತಾಂಶವನ್ನು ಪಂಚಾಯಿತಿ ಫಲಕದಲ್ಲಿ ಹಾಕಿಸಲಿ. ಇಂದು ಬರೆದಿಡದ ಅಂಕಿಯನ್ನು ಮುಂದೆ ಎಷ್ಟು ಹಣ ಕೊಟ್ಟರೂ ಪಡೆಯಲಾಗದು.